ಎಡ್ವರ್ಡ್ ಮೆಲನ್‌ಬಿ

ಸರ್ ಎಡ್ವರ್ಡ್ ಮೆಲನ್‌ಬಿ (8 ಏಪ್ರಿಲ್ 1884 – 30 ಜನವರಿ 1955) ಬ್ರಿಟನ್ನಿನ ವೈದ್ಯ, ಶರೀರಕ್ರಿಯಾ ವಿಜ್ಞಾನಿ ಮತ್ತು ಪೋಷಣಾ ವಿಜ್ಞಾನಿ. ಮಕ್ಕಳ ಮೂಳೆಗಳನ್ನು ಮೆದುವಾಗಿಸಿ ಕಾಲುಗಳನ್ನು ಬಾಗಿಸುವ ರಿಕೆಟ್ಸ್ ಕಾಯಿಲೆಗೆ ಆಹಾರದಲ್ಲಿನ ಕೊರತೆಯೇ ಕಾರಣವಾಗಬಲ್ಲದು ಎಂಬುದನ್ನು ಪ್ರಯೋಗಗಳ ಮೂಲಕ ತೋರಿಸಿಕೊಟ್ಟವರು ಇವರು. ನಾಯಿಮರಿಗಳಿಗೆ ಧಾನ್ಯವೇ ಪ್ರಧಾನವಾದ ಆಹಾರವನ್ನು ಕೊಟ್ಟು, ಅದಕ್ಕೆ ಮನುಷ್ಯರು ಬಳಸುವ ಹಾಲು, ಬೆಣ್ಣೆ, ಮಾಂಸ, ಕಿತ್ತಳೆ ರಸ, ಕಾಡ್ ಮೀನಿನ ಎಣ್ಣೆ ಮೊದಲಾದ ಪದಾರ್ಥಗಳನ್ನು ಒಂದೊಂದಾಗಿ ಸೇರಿಸಿ ಪರಿಣಾಮಗಳನ್ನು ಅಳೆಯುವುದು ಇವರ ಮುಖ್ಯ ವಿಧಾನವಾಗಿತ್ತು. ಈ ಪ್ರಯೋಗಗಳು ಡಿ ಜೀವಸತ್ವದ ಶೋಧಕ್ಕೆ ದಾರಿ ಮಾಡಿಕೊಟ್ಟವು. ಹಿಟ್ಟನ್ನು ಬಿಳಿಯಾಗಿಸಲು ಬಳಸುತ್ತಿದ್ದ ರಾಸಾಯನಿಕವೊಂದು ನಾಯಿಗಳಲ್ಲಿ ಉನ್ಮಾದವನ್ನು ಉಂಟುಮಾಡುತ್ತದೆ ಎಂಬುದನ್ನು 1946ರಲ್ಲಿ ಪ್ರಕಟಿಸಿದವರೂ ಮೆಲನ್‌ಬಿಯವರೇ. 1933ರಿಂದ 1949ರವರೆಗೆ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಕಾರ್ಯದರ್ಶಿಯಾಗಿದ್ದ ಇವರು, ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ಮೊದಲ ನಿರ್ದೇಶಕರಾಗಿಯೂ ಸೇವೆ ಸಲ್ಲಿಸಿದರು.

ಜನನ ಮತ್ತು ವಿದ್ಯಾಭ್ಯಾಸ

ಮೆಲನ್‌ಬಿ ಇಂಗ್ಲೆಂಡಿನ ಈಶಾನ್ಯ ಕರಾವಳಿಯ ವೆಸ್ಟ್ ಹಾರ್ಟಲ್‌ಪೂಲ್ ಪಟ್ಟಣದಲ್ಲಿ ಜನಿಸಿದರು. ತಂದೆ ಜಾನ್ ಮೆಲನ್‌ಬಿ ಹಡಗು ನಿರ್ಮಾಣದ ಅಂಗಳವೊಂದರಲ್ಲಿ ವ್ಯವಸ್ಥಾಪಕರಾಗಿದ್ದರು. ಅಣ್ಣಂದಿರಲ್ಲಿ ಅಲೆಗ್ಸಾಂಡರ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿ, ಜಾನ್ ಶರೀರಕ್ರಿಯಾ ವಿಜ್ಞಾನಿಯಾಗಿ ಹೆಸರು ಮಾಡಿದರು. ತುರಿಕಜ್ಜಿಯ ಕುರಿತು ಸಂಶೋಧನೆ ನಡೆಸಿದ ಕೀಟವಿಜ್ಞಾನಿ ಕೆನೆತ್ ಮೆಲನ್‌ಬಿ ಇವರ ಅಣ್ಣನ ಮಗ.

ಬಾರ್ನಾರ್ಡ್ ಕ್ಯಾಸಲ್ ಶಾಲೆಯಲ್ಲಿ ಓದಿದ ಎಡ್ವರ್ಡ್, ಕೇಂಬ್ರಿಜ್‌ನ ಎಮಾನ್ಯುಯಲ್ ಕಾಲೇಜನ್ನು ಸೇರಿ ಶರೀರಕ್ರಿಯಾ ವಿಜ್ಞಾನವನ್ನು ಅಭ್ಯಾಸ ಮಾಡಿದರು. ಅಲ್ಲಿ ಫ್ರೆಡರಿಕ್ ಗೌಲೆಂಡ್ ಹಾಪ್ಕಿನ್ಸ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಆರಂಭಿಸಿದರು. ಪ್ರೋಟೀನು, ಕೊಬ್ಬು, ಪಿಷ್ಟ ಮತ್ತು ಲವಣಗಳಷ್ಟೇ ಪ್ರಾಣಿಯ ಬೆಳವಣಿಗೆಗೆ ಸಾಲವು, ಅತ್ಯಲ್ಪ ಪ್ರಮಾಣದಲ್ಲಿ ಬೇಕಾಗುವ ಬೇರೆ ಕೆಲವು ಅಂಶಗಳೂ ಆಹಾರದಲ್ಲಿರಬೇಕು ಎಂಬುದನ್ನು ಹಾಪ್ಕಿನ್ಸ್ ಆ ವರ್ಷಗಳಲ್ಲಿ ಕಂಡುಕೊಳ್ಳುತ್ತಿದ್ದರು. ಈ ಚಿಂತನೆಯ ಪ್ರಭಾವ ಶಿಷ್ಯನ ಮುಂದಿನ ಕೆಲಸದ ಮೇಲೆ ಆಳವಾಗಿ ಬಿದ್ದಿತು. ಬಳಿಕ ಮೆಲನ್‌ಬಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ವೈದ್ಯಕೀಯ ಶಿಕ್ಷಣ ಪಡೆದರು. 1913ರಲ್ಲಿ ಲಂಡನ್ನಿನ ಕಿಂಗ್ಸ್ ಮಹಿಳಾ ಕಾಲೇಜಿನಲ್ಲಿ ಬೋಧಕರಾಗಿ ಸೇರಿ 1920ರವರೆಗೆ ಅಲ್ಲಿ ಕೆಲಸ ಮಾಡಿದರು.

1914ರಲ್ಲಿ ಮೇ ಟ್ವೀಡಿ ಅವರನ್ನು ವಿವಾಹವಾದರು. ಕೇಂಬ್ರಿಜ್‌ನ ಗರ್ಟನ್ ಕಾಲೇಜಿನಲ್ಲಿ ಓದಿದ್ದ ಮೇ ಸ್ವತಃ ವಿಜ್ಞಾನಿ. ಮುಂದೆ ಆಹಾರಕ್ಕೂ ಹಲ್ಲುಗಳ ರಚನೆಗೂ ಇರುವ ಸಂಬಂಧದ ಬಗ್ಗೆ ಅವರು ನಡೆಸಿದ ಸಂಶೋಧನೆ ಗಂಡನ ಸಂಶೋಧನೆಯ ಜೊತೆಜೊತೆಗೇ ಬೆಳೆಯಿತು. ದಂಪತಿಗಳಿಗೆ ಮಕ್ಕಳಿರಲಿಲ್ಲ.

ರಿಕೆಟ್ಸ್ ಕಾಯಿಲೆಯ ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ಕೈಗಾರಿಕಾ ನಗರಗಳ ಬಡ ಬಡಾವಣೆಗಳಲ್ಲಿ ರಿಕೆಟ್ಸ್ ಮನೆಮನೆಯ ಕಾಯಿಲೆಯಾಗಿತ್ತು. ಇದಕ್ಕೆ ತುತ್ತಾದ ಮಗುವಿನ ಮೂಳೆಗಳಲ್ಲಿ ಸುಣ್ಣದಂಶ ಸರಿಯಾಗಿ ಸೇರುವುದಿಲ್ಲ. ಮಣಿಕಟ್ಟು ಮತ್ತು ಕಣಕಾಲಿನ ಗೆಣ್ಣುಗಳು ಊದಿಕೊಳ್ಳುತ್ತವೆ, ಪಕ್ಕೆಲುಬುಗಳ ತುದಿಯಲ್ಲಿ ಗಂಟುಗಳು ಮೂಡುತ್ತವೆ, ನಡೆಯಲು ತೊಡಗಿದಾಗ ದೇಹದ ಭಾರಕ್ಕೆ ಕಾಲುಗಳು ಬಾಗುತ್ತವೆ. ಹೆಣ್ಣುಮಕ್ಕಳಲ್ಲಿ ಸೊಂಟದ ಎಲುಬು ವಿಕಾರಗೊಂಡರೆ ಮುಂದೆ ಹೆರಿಗೆಯ ಸಮಯದಲ್ಲಿ ಪ್ರಾಣಕ್ಕೇ ಅಪಾಯವಾಗುತ್ತಿತ್ತು.

ಕಾಯಿಲೆಯ ಕಾರಣದ ಬಗ್ಗೆ ಒಮ್ಮತವಿರಲಿಲ್ಲ. ಕೆಟ್ಟ ಗಾಳಿ, ಸೋಂಕು, ವ್ಯಾಯಾಮದ ಅಭಾವ, ಆನುವಂಶಿಕತೆ, ಬಿಸಿಲಿನ ಕೊರತೆ, ಆಹಾರದ ದೋಷ ಎಂದು ಒಬ್ಬೊಬ್ಬ ವೈದ್ಯರು ಒಂದೊಂದು ಕಾರಣ ಹೇಳುತ್ತಿದ್ದರು. ಕಾಡ್ ಮೀನಿನ ಯಕೃತ್ತಿನಿಂದ ತೆಗೆದ ಎಣ್ಣೆ ಈ ಕಾಯಿಲೆಗೆ ಒಳ್ಳೆಯದೆಂಬ ನಂಬಿಕೆ ಯುರೋಪಿನ ಉತ್ತರ ಕರಾವಳಿಯ ಜನರಲ್ಲಿ ಹಿಂದಿನಿಂದಲೂ ಇದ್ದಿತು. 1889ರಲ್ಲಿ ಶಸ್ತ್ರವೈದ್ಯ ಜಾನ್ ಬ್ಲಾಂಡ್-ಸಟನ್ ಲಂಡನ್ನಿನ ಮೃಗಾಲಯದ ಸಿಂಹದ ಮರಿಗಳಲ್ಲಿ ಇದೇ ಕಾಯಿಲೆಯನ್ನು ಗಮನಿಸಿದ್ದರು. ಆ ಮರಿಗಳಿಗೆ ಕೊಬ್ಬಿಲ್ಲದ ಕುದುರೆ ಮಾಂಸವೇ ಆಹಾರವಾಗಿತ್ತು. ಅದಕ್ಕೆ ಪುಡಿ ಮಾಡಿದ ಮೂಳೆ, ಹಾಲು ಮತ್ತು ಕಾಡ್ ಎಣ್ಣೆಯನ್ನು ಸೇರಿಸಿದ ಬಳಿಕ ಅವು ಚೇತರಿಸಿಕೊಂಡವು. ಆದರೆ ಮೂರನ್ನೂ ಒಟ್ಟಿಗೆ ಕೊಟ್ಟದ್ದರಿಂದ ಗುಣಪಡಿಸಿದ್ದು ಯಾವುದು ಎಂಬುದು ತಿಳಿಯಲಿಲ್ಲ. ಆ ಪ್ರಶ್ನೆ ಕಾಲು ಶತಮಾನದವರೆಗೆ ಹಾಗೆಯೇ ಉಳಿಯಿತು.

1914ರಲ್ಲಿ ಆಗಿನ ವೈದ್ಯಕೀಯ ಸಂಶೋಧನಾ ಸಮಿತಿಯು ರಿಕೆಟ್ಸ್‌ನ ಕಾರಣವನ್ನು ಹುಡುಕುವ ಕೆಲಸವನ್ನು ಮೆಲನ್‌ಬಿಯವರಿಗೆ ವಹಿಸಿತು.

ನಾಯಿಮರಿಗಳ ಮೇಲಿನ ಪ್ರಯೋಗಗಳು

ಮೆಲನ್‌ಬಿ ಪ್ರಯೋಗಕ್ಕೆ ನಾಯಿಮರಿಗಳನ್ನು ಆಯ್ದುಕೊಂಡರು. ನಾಯಿಮರಿ ಬೇಗ ಬೆಳೆಯುತ್ತದೆ, ಮನುಷ್ಯರು ತಿನ್ನುವ ಬಹುಪಾಲು ಪದಾರ್ಥಗಳನ್ನು ತಿನ್ನುತ್ತದೆ, ಅದಕ್ಕೆ ಬರುವ ರಿಕೆಟ್ಸ್ ಮಗುವಿಗೆ ಬರುವ ರಿಕೆಟ್ಸ್ ಅನ್ನು ಬಹಳವಾಗಿ ಹೋಲುತ್ತದೆ. ತಾಯಿಯ ಹಾಲು ಬಿಡಿಸಿದ ಮರಿಗಳನ್ನು ಒಳಾಂಗಣದಲ್ಲಿರಿಸಿ, ಅವುಗಳಿಗೆ ಬಡವರ ಮನೆಯ ಊಟವನ್ನು ಹೋಲುವ ಆಹಾರವನ್ನು ಕೊಡಲಾಯಿತು. ಓಟ್ಸ್ ಗಂಜಿ, ಅಕ್ಕಿ ಅಥವಾ ಬ್ರೆಡ್ಡು, ಸ್ವಲ್ಪ ಹಾಲು, ಉಪ್ಪು ಇವು ಅದರ ಮುಖ್ಯ ಅಂಶಗಳು. ಇಂಥ ಆಹಾರದಲ್ಲಿ ಹೊಟ್ಟೆ ತುಂಬುತ್ತಿತ್ತು, ತೂಕವೂ ಏರುತ್ತಿತ್ತು. ಆದರೆ ಕೆಲವು ತಿಂಗಳುಗಳಲ್ಲಿ ಮರಿಗಳ ಕಾಲುಗಳು ಬಾಗಿ, ಗೆಣ್ಣುಗಳು ದಪ್ಪವಾಗಿ, ಓಡಾಟ ಕುಂಠಿತವಾಗುತ್ತಿತ್ತು.

ಮೂಲ ಆಹಾರ ನಿಶ್ಚಿತವಾದ ಮೇಲೆ, ಒಂದೊಂದು ಗುಂಪಿನ ಮರಿಗಳಿಗೆ ಒಂದೊಂದು ಪದಾರ್ಥವನ್ನು ಹೆಚ್ಚುವರಿಯಾಗಿ ಸೇರಿಸಲಾಯಿತು. ಯೀಸ್ಟ್ ಸೇರಿಸಿದಾಗ ರಿಕೆಟ್ಸ್ ತಡೆಯಲಿಲ್ಲ. ಕಿತ್ತಳೆ ರಸದಿಂದಲೂ ಫಲ ಸಿಗಲಿಲ್ಲ. ಅಗಸೆ ಎಣ್ಣೆಯೂ ಕೆಲಸಕ್ಕೆ ಬರಲಿಲ್ಲ. ಮಾಂಸ ಸ್ವಲ್ಪಮಟ್ಟಿಗೆ ನೆರವಾಯಿತು. ಬೆಣ್ಣೆ ಮತ್ತು ಪ್ರಾಣಿಯ ಕೊಬ್ಬು ಅದಕ್ಕಿಂತ ಹೆಚ್ಚು ಫಲಕಾರಿಯಾದವು. ಕಾಡ್ ಎಣ್ಣೆಯನ್ನು ಸೇರಿಸಿದ ಗುಂಪಿನ ಮೂಳೆಗಳು ಮಾತ್ರ ನೇರವಾಗಿ, ಗಟ್ಟಿಯಾಗಿ ಬೆಳೆದವು. ಹೊರನೋಟವನ್ನಷ್ಟೇ ನಂಬದೆ ಮೆಲನ್‌ಬಿ ಕ್ಷ-ಕಿರಣ ಚಿತ್ರಗಳನ್ನು ತೆಗೆದರು, ಮೂಳೆಯಲ್ಲಿನ ಕ್ಯಾಲ್ಸಿಯಂ ಪ್ರಮಾಣವನ್ನು ಅಳೆದರು, ಮೂಳೆಯ ತೆಳು ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು.

1918 ಮತ್ತು 1919ರಲ್ಲಿ ಈ ಫಲಿತಾಂಶಗಳು ಪ್ರಕಟವಾದವು. ಪೂರ್ಣ ವರದಿ 1921ರಲ್ಲಿ ಹೊರಬಂದಿತು. ರಿಕೆಟ್ಸ್ ಪ್ರಧಾನವಾಗಿ ಆಹಾರದ ಕೊರತೆಯಿಂದ ಬರುವ ಕಾಯಿಲೆ, ಕೊಬ್ಬಿನಲ್ಲಿ ಕರಗುವ ಅಂಶವೊಂದು ಅದನ್ನು ತಡೆಯುತ್ತದೆ ಎಂಬುದು ಅವರ ನಿರ್ಣಯ. ಮೃಗಾಲಯದ ಸಿಂಹದ ಮರಿಗಳ ಪ್ರಕರಣದಲ್ಲಿ ಬೆರೆತುಹೋಗಿದ್ದ ಕಾರಣಗಳನ್ನು ಈ ಪ್ರಯೋಗಗಳು ಬಿಡಿಸಿ ತೋರಿಸಿದವು.

ಇದೇ ಮರಿಗಳ ಹಲ್ಲು ಮತ್ತು ದವಡೆಗಳನ್ನು ಮೇ ಮೆಲನ್‌ಬಿ ಅಧ್ಯಯನ ಮಾಡಿದರು. ಕೊಬ್ಬಿನಲ್ಲಿ ಕರಗುವ ಈ ಅಂಶ ಕಡಿಮೆಯಾದಾಗ ಹಲ್ಲುಗಳು ತಡವಾಗಿ ಹುಟ್ಟುತ್ತವೆ, ಅವುಗಳ ಹೊರಕವಚ ಒರಟಾಗಿ, ತೆಳುವಾಗಿ ಬೆಳೆಯುತ್ತದೆ ಎಂಬುದನ್ನು ಅವರು ಕಂಡುಕೊಂಡರು. ಮುಂದೆ ಷೆಫೀಲ್ಡ್‌ನ ಮಕ್ಕಳಲ್ಲಿ ಹಲ್ಲುಹುಳುಕು ಮತ್ತು ಆಹಾರದ ಸಂಬಂಧವನ್ನು ಕುರಿತು ಅವರು ನಡೆಸಿದ ಅಧ್ಯಯನಗಳಿಗೆ ಇದು ತಳಹದಿಯಾಯಿತು.

ವಾದವಿವಾದ ಮತ್ತು ತಿದ್ದುಪಡಿ

ಮೆಲನ್‌ಬಿಯವರ ನಿರ್ಣಯವನ್ನು ಎಲ್ಲರೂ ಕೂಡಲೇ ಒಪ್ಪಲಿಲ್ಲ. ಗ್ಲಾಸ್ಗೋ ನಗರದ ನೋಯಲ್ ಪೇಟನ್ ಮತ್ತು ಲೆನಾರ್ಡ್ ಫಿಂಡ್ಲೆ ಅವರ ಬಳಗವು ನಾಯಿಮರಿಗಳ ಮೇಲೆಯೇ ಪ್ರಯೋಗ ನಡೆಸಿ, ಇಕ್ಕಟ್ಟಾದ ಜಾಗದಲ್ಲಿ ಕೂಡಿಹಾಕುವುದು ಮತ್ತು ವ್ಯಾಯಾಮವಿಲ್ಲದಿರುವುದು ರಿಕೆಟ್ಸ್‌ಗೆ ಕಾರಣವೆಂದು ವಾದಿಸಿತು. 1919ರಲ್ಲಿ ಬರ್ಲಿನ್ನಿನ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್‌ಕಿ ಅತಿನೇರಳೆ ಕಿರಣಗಳಿಂದ ಮಕ್ಕಳ ರಿಕೆಟ್ಸ್ ಗುಣವಾಗುವುದನ್ನು ತೋರಿಸಿದರು. ಹಾಗಾದರೆ ಕಾರಣ ಆಹಾರವೋ ಬೆಳಕೋ ಎಂಬ ಪ್ರಶ್ನೆ ಎದ್ದಿತು. ಮೊದಲ ಮಹಾಯುದ್ಧದ ಬಳಿಕ ಹಸಿವಿನಿಂದ ತತ್ತರಿಸಿದ್ದ ವಿಯೆನ್ನಾ ನಗರದಲ್ಲಿ ಹ್ಯಾರಿಯೆಟ್ ಚಿಕ್ ಮತ್ತು ಅವರ ಸಹೋದ್ಯೋಗಿಗಳು ಮಕ್ಕಳ ಆಸ್ಪತ್ರೆಯಲ್ಲಿ ನಡೆಸಿದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. ಕಾಡ್ ಎಣ್ಣೆಯಿಂದಲೂ ರಿಕೆಟ್ಸ್ ಗುಣವಾಗುತ್ತದೆ, ಬಿಸಿಲಿನಿಂದಲೂ ಗುಣವಾಗುತ್ತದೆ. ಚರ್ಮದ ಮೇಲೆ ಬಿದ್ದ ಸೂರ್ಯಕಿರಣದ ನೆರವಿನಿಂದ ಮನುಷ್ಯದೇಹವು ಅದೇ ಅಂಶವನ್ನು ತಾನೇ ತಯಾರಿಸಿಕೊಳ್ಳುತ್ತದೆ ಎಂಬುದು ಕ್ರಮೇಣ ಸ್ಪಷ್ಟವಾಯಿತು.

ಇನ್ನೊಂದು ತಿದ್ದುಪಡಿ ಅಮೆರಿಕದಿಂದ ಬಂದಿತು. ರಿಕೆಟ್ಸ್ ಅನ್ನು ತಡೆಯುವ ಅಂಶ ಎ ಜೀವಸತ್ವವೇ ಇರಬಹುದು, ಇಲ್ಲವೇ ಅದರ ಜೊತೆಯಲ್ಲೇ ಇರುವಂಥದ್ದು ಎಂದು ಮೆಲನ್‌ಬಿ ಭಾವಿಸಿದ್ದರು. 1922ರಲ್ಲಿ ಎಲ್ಮರ್ ಮೆಕಾಲಮ್ ಮತ್ತು ಸಂಗಡಿಗರು ಕಾಡ್ ಎಣ್ಣೆಯನ್ನು ಕಾಯಿಸಿ ಅದರಲ್ಲಿ ಆಮ್ಲಜನಕವನ್ನು ಹಾಯಿಸಿದರು. ಎ ಜೀವಸತ್ವ ನಾಶವಾದರೂ ರಿಕೆಟ್ಸ್ ಗುಣಪಡಿಸುವ ಶಕ್ತಿ ಎಣ್ಣೆಯಲ್ಲಿ ಉಳಿದಿತ್ತು. ಬೇರೆಯೇ ಆದ ಈ ಅಂಶಕ್ಕೆ ಡಿ ಜೀವಸತ್ವವೆಂಬ ಹೆಸರು ಬಂದಿತು. ಮೆಲನ್‌ಬಿಯವರ ಮೂಲ ಅವಲೋಕನ ಸರಿಯಾಗಿತ್ತು. ಆದರೆ ಅಂಶವನ್ನು ಗುರುತಿಸುವಲ್ಲಿ ಅವರ ಊಹೆ ಅಪೂರ್ಣವಾಗಿತ್ತು.

ಈ ವಿವಾದಕ್ಕೆ ಹಲವು ದಶಕಗಳ ನಂತರ ಮತ್ತೊಂದು ಮುಖ ಸೇರಿತು. ನಾಯಿಯ ಚರ್ಮವು ಬಿಸಿಲಿನಲ್ಲಿ ಸಾಕಷ್ಟು ಡಿ ಜೀವಸತ್ವವನ್ನು ತಯಾರಿಸಲಾರದು, ಆದ್ದರಿಂದ ನಾಯಿ ಅದನ್ನು ಆಹಾರದಿಂದಲೇ ಪಡೆಯಬೇಕು ಎಂದು 1994ರಲ್ಲಿ ಡಚ್ ಸಂಶೋಧಕರು ತೋರಿಸಿದರು. ಮೆಲನ್‌ಬಿಯವರ ಪ್ರಯೋಗಗಳಲ್ಲಿ ಆಹಾರದ ಪ್ರಭಾವ ಅಷ್ಟು ನಿಚ್ಚಳವಾಗಿ ಕಂಡದ್ದಕ್ಕೆ ನಾಯಿಯ ಈ ಗುಣವೂ ಒಂದು ಕಾರಣವೆಂದು ಈಗ ಅರ್ಥಮಾಡಿಕೊಳ್ಳಬಹುದು.

ಧಾನ್ಯಗಳು ಮತ್ತು ಫೈಟಿಕ್ ಆಮ್ಲ

1920ರಲ್ಲಿ ಮೆಲನ್‌ಬಿ ಷೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ಔಷಧವಿಜ್ಞಾನದ ಪ್ರಾಧ್ಯಾಪಕರಾದರು. ಅಲ್ಲಿನ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯಲ್ಲಿ ವೈದ್ಯರಾಗಿಯೂ ಕೆಲಸ ಮಾಡಿದರು. ಷೆಫೀಲ್ಡ್‌ನಲ್ಲಿ ಅವರ ಗಮನ, ಸೇರಿಸಿದ ಪದಾರ್ಥಗಳಿಂದ ಮೂಲ ಆಹಾರದ ಕಡೆಗೆ ತಿರುಗಿತು.

ಡಿ ಜೀವಸತ್ವ ಕಡಿಮೆಯಿರುವ ಆಹಾರದಲ್ಲಿ ಧಾನ್ಯದ ಪ್ರಮಾಣವನ್ನು ಹೆಚ್ಚಿಸಿದಷ್ಟೂ ನಾಯಿಮರಿಗಳ ರಿಕೆಟ್ಸ್ ತೀವ್ರವಾಗುತ್ತಿತ್ತು. ಧಾನ್ಯಗಳಲ್ಲೂ ವ್ಯತ್ಯಾಸವಿತ್ತು. ಪೌಷ್ಟಿಕವೆಂದು ಹೆಸರಾದ ಓಟ್ಸ್ ಎಲ್ಲಕ್ಕಿಂತ ಹೆಚ್ಚು ಹಾನಿಕರವಾಗಿ ಕಂಡಿತು. ನುಣುಪಾಗಿ ಬೀಸಿ ಜರಡಿ ಹಿಡಿದ ಬಿಳಿ ಹಿಟ್ಟಿನ ಪರಿಣಾಮ ಅಷ್ಟು ತೀವ್ರವಾಗಿರಲಿಲ್ಲ. ಓಟ್ಸ್‌ನಲ್ಲಿ ಕ್ಯಾಲ್ಸಿಯಂ ಮತ್ತು ರಂಜಕ ಬಿಳಿ ಹಿಟ್ಟಿಗಿಂತ ಹೆಚ್ಚಾಗಿಯೇ ಇದ್ದುದರಿಂದ ಇದು ಒಗಟಾಗಿ ತೋರಿತು. ಧಾನ್ಯದಲ್ಲಿ ಮೂಳೆಗೆ ಸುಣ್ಣದಂಶ ಸೇರದಂತೆ ತಡೆಯುವ ಯಾವುದೋ ವಸ್ತುವಿದೆ ಎಂದು ಮೆಲನ್‌ಬಿ ತರ್ಕಿಸಿದರು.

ಧಾನ್ಯದ ಹೊರಪದರದಲ್ಲಿ ರಂಜಕವನ್ನು ಹಿಡಿದಿಡುವ ಫೈಟಿಕ್ ಆಮ್ಲವೇ ಆ ವಸ್ತುವೆಂಬುದನ್ನು 1939ರಲ್ಲಿ ಡಿ. ಸಿ. ಹ್ಯಾರಿಸನ್ ಮತ್ತು ಮೆಲನ್‌ಬಿ ಪ್ರಯೋಗದಿಂದ ಸಮರ್ಥಿಸಿದರು. ಈ ಆಮ್ಲವು ಕರುಳಿನಲ್ಲಿ ಕ್ಯಾಲ್ಸಿಯಂ ಜೊತೆ ಕೂಡಿ ಕರಗದ ಲವಣವಾಗುತ್ತದೆ. ಆಗ ತಿಂದ ಕ್ಯಾಲ್ಸಿಯಂ ದೇಹಕ್ಕೆ ದಕ್ಕುವುದಿಲ್ಲ. ಆಹಾರಕ್ಕೆ ಹೆಚ್ಚು ಕ್ಯಾಲ್ಸಿಯಂ ಅಥವಾ ಡಿ ಜೀವಸತ್ವವನ್ನು ಸೇರಿಸಿದಾಗ ಈ ಅಡ್ಡಿ ನಿವಾರಣೆಯಾಗುತ್ತಿತ್ತು. ನೆನೆಸುವುದು, ಮೊಳಕೆ ಬರಿಸುವುದು ಮತ್ತು ಹುದುಗು ಬರಿಸುವುದರಿಂದಲೂ ಧಾನ್ಯದಲ್ಲಿನ ಫೈಟಿಕ್ ಆಮ್ಲ ಕಡಿಮೆಯಾಗುತ್ತದೆ. ಕರ್ನಾಟಕದಲ್ಲಿ ಮೊಳಕೆ ಬರಿಸಿ ಒಣಗಿಸಿದ ರಾಗಿಯ ಹಿಟ್ಟನ್ನು ಶಿಶುಗಳಿಗೆ ಬಳಸುವ ರೂಢಿಯಲ್ಲಿ ಈ ಪ್ರಯೋಜನವೂ ಸೇರಿದೆ.

ಈ ತಿಳಿವಳಿಕೆ ಎರಡನೆಯ ಮಹಾಯುದ್ಧದ ಸಮಯದಲ್ಲಿ ನೇರವಾಗಿ ಉಪಯೋಗಕ್ಕೆ ಬಂದಿತು. ಗೋಧಿಯ ಆಮದು ಕಡಿಮೆಯಾದಾಗ ಬ್ರಿಟನ್ನಿನಲ್ಲಿ ಗೋಧಿಯ ಹೆಚ್ಚಿನ ಭಾಗವನ್ನು ಹಿಟ್ಟಿಗೆ ಸೇರಿಸಲಾಯಿತು. ಅದರೊಂದಿಗೆ ಫೈಟಿಕ್ ಆಮ್ಲವೂ ಹೆಚ್ಚಿತು. ಅದಕ್ಕೆ ಪರಿಹಾರವಾಗಿ ಹಿಟ್ಟಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸುವ ಪದ್ಧತಿ ಜಾರಿಗೆ ಬಂದಿತು.

ಇತರ ಸಂಶೋಧನೆಗಳು

ಎ ಜೀವಸತ್ವದ ಕೊರತೆಯಿಂದ ನರವ್ಯೂಹಕ್ಕಾಗುವ ಹಾನಿಯನ್ನು ಮೆಲನ್‌ಬಿ ಹಲವು ವರ್ಷ ಅಧ್ಯಯನ ಮಾಡಿದರು. ಈ ಜೀವಸತ್ವವಿಲ್ಲದ ಆಹಾರದಲ್ಲಿ ಬೆಳೆದ ನಾಯಿಮರಿಗಳು ಕಿವುಡಾಗುತ್ತಿದ್ದವು. ನರ ತಾನಾಗಿ ಕೆಡುವುದಕ್ಕಿಂತ ಮೊದಲು ಅದನ್ನು ಸುತ್ತುವರಿದ ತಲೆಬುರುಡೆಯ ಮೂಳೆ ಅತಿಯಾಗಿ ಬೆಳೆದು ನರವನ್ನು ಒತ್ತುತ್ತದೆ ಎಂಬುದನ್ನು ಅವರು ತೋರಿಸಿದರು. ಮೂಳೆಯ ಆಕಾರ ನಿಯಂತ್ರಣದಲ್ಲಿ ಎ ಜೀವಸತ್ವಕ್ಕಿರುವ ಪಾತ್ರ ಇದರಿಂದ ತಿಳಿದುಬಂದಿತು.

ಮೊದಲ ಮಹಾಯುದ್ಧದ ಕಾಲದಲ್ಲಿ ಮದ್ಯಸಾರವು ರಕ್ತವನ್ನು ಸೇರುವ ಮತ್ತು ರಕ್ತದಿಂದ ಮಾಯವಾಗುವ ಗತಿಯನ್ನೂ ಅವರು ನಾಯಿಗಳಲ್ಲಿ ಅಳೆದಿದ್ದರು. ರಕ್ತದಲ್ಲಿನ ಮದ್ಯಸಾರದ ಮಟ್ಟ ಒಂದೇ ಆಗಿದ್ದರೂ, ಮಟ್ಟ ಏರುತ್ತಿರುವಾಗ ಅಮಲು ಹೆಚ್ಚಾಗಿಯೂ ಇಳಿಯುತ್ತಿರುವಾಗ ಕಡಿಮೆಯಾಗಿಯೂ ಕಾಣುತ್ತದೆ. 1919ರ ವರದಿಯಲ್ಲಿ ದಾಖಲಾದ ಈ ವಿದ್ಯಮಾನ ಇಂದಿಗೂ ಮೆಲನ್‌ಬಿ ಪರಿಣಾಮವೆಂದು ಪ್ರಸಿದ್ಧವಾಗಿದೆ.

ವೈದ್ಯಕೀಯ ಸಂಶೋಧನಾ ಮಂಡಳಿ

1933ರಲ್ಲಿ ವಾಲ್ಟರ್ ಮಾರ್ಲಿ ಫ್ಲೆಚರ್ ಅವರ ನಂತರ ಮೆಲನ್‌ಬಿ ವೈದ್ಯಕೀಯ ಸಂಶೋಧನಾ ಮಂಡಳಿಯ ಕಾರ್ಯದರ್ಶಿಯಾದರು. ಹದಿನಾರು ವರ್ಷಗಳ ಕಾಲ ಆ ಹುದ್ದೆಯಲ್ಲಿದ್ದು ಬ್ರಿಟನ್ನಿನ ವೈದ್ಯಕೀಯ ಸಂಶೋಧನೆಯ ದಿಕ್ಕನ್ನು ರೂಪಿಸಿದರು. ಆಡಳಿತದ ಹೊಣೆಯ ನಡುವೆಯೂ ಪ್ರಯೋಗಾಲಯದ ಕೆಲಸವನ್ನು ಬಿಡಲಿಲ್ಲ. ರಾಷ್ಟ್ರಗಳ ಒಕ್ಕೂಟವು ಪೋಷಣೆಯ ಬಗ್ಗೆ ನಡೆಸಿದ ಕೆಲಸದಲ್ಲಿಯೂ, ಜೀವಸತ್ವಗಳ ಅಂತರರಾಷ್ಟ್ರೀಯ ಮಾನಕಗಳನ್ನು ನಿಗದಿಪಡಿಸುವುದರಲ್ಲಿಯೂ ಪ್ರಮುಖ ಪಾತ್ರ ವಹಿಸಿದರು.

ಆಕ್ಸ್‌ಫರ್ಡ್‌ನಲ್ಲಿ ಹೊವರ್ಡ್ ಫ್ಲೋರಿ ಮತ್ತು ಅರ್ನ್ಸ್ಟ್ ಚೈನ್ ಪೆನಿಸಿಲಿನ್ ಕುರಿತು ಸಂಶೋಧನೆ ಆರಂಭಿಸಿದಾಗ ಮಂಡಳಿಯಿಂದ ಅವರಿಗೆ ದೊರೆತ ಮೊದಲ ನೆರವು ಅತ್ಯಲ್ಪವಾಗಿತ್ತು. ಪೆನಿಸಿಲಿನ್‌ಗೆ ಪೇಟೆಂಟ್ ಪಡೆಯಬೇಕೆಂಬ ಚೈನ್ ಅವರ ಸಲಹೆಯನ್ನು ಮೆಲನ್‌ಬಿ ಒಪ್ಪಲಿಲ್ಲ. ವೈದ್ಯಕೀಯ ಶೋಧದಿಂದ ಸಂಶೋಧಕರು ಲಾಭ ಪಡೆಯುವುದು ಸರಿಯಲ್ಲವೆಂಬುದು ಅವರ ನಿಲುವಾಗಿತ್ತು. ಈ ನಿರ್ಧಾರ ನಂತರದ ವರ್ಷಗಳಲ್ಲಿ ಸಾಕಷ್ಟು ಟೀಕೆಗೆ ಒಳಗಾಯಿತು.

ಬಿಳಿ ಹಿಟ್ಟು ಮತ್ತು ನಾಯಿಗಳ ಉನ್ಮಾದ

1920ರ ದಶಕದಿಂದ ಬ್ರಿಟನ್ ಮತ್ತು ಅಮೆರಿಕಗಳ ಸಾಕುನಾಯಿಗಳಲ್ಲಿ ವಿಚಿತ್ರ ಕಾಯಿಲೆಯೊಂದು ವ್ಯಾಪಕವಾಗಿ ಕಾಣಿಸಿಕೊಂಡಿತ್ತು. ಶಾಂತವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಯಾವುದೋ ಭಯಕ್ಕೆ ಸಿಲುಕಿದಂತೆ ಬೊಗಳುತ್ತ ಗೊತ್ತುಗುರಿಯಿಲ್ಲದೆ ಓಡುತ್ತಿತ್ತು, ಗೋಡೆಗಳಿಗೆ ಡಿಕ್ಕಿ ಹೊಡೆಯುತ್ತಿತ್ತು, ಕೆಲವೊಮ್ಮೆ ಸೆಳೆತ ಬಂದು ಬೀಳುತ್ತಿತ್ತು. ಜಂತುಹುಳು, ಸೋಂಕು, ಜೀವಸತ್ವದ ಕೊರತೆ ಮೊದಲಾದ ಹಲವು ಕಾರಣಗಳನ್ನು ಊಹಿಸಲಾಗಿತ್ತು.

ಅಂದಿನ ನಾಯಿಗಳ ಒಣ ಆಹಾರವೆಂದರೆ ಮುಖ್ಯವಾಗಿ ಗೋಧಿ ಹಿಟ್ಟಿನ ಬಿಸ್ಕತ್ತು. ಲಂಡನ್ನಿನಲ್ಲಿ ಜೇಮ್ಸ್ ಸ್ಪ್ರಾಟ್ 1860ರ ದಶಕದಲ್ಲಿ ಇಂಥ ಬಿಸ್ಕತ್ತನ್ನು ವಾಣಿಜ್ಯ ಪ್ರಮಾಣದಲ್ಲಿ ತಯಾರಿಸಲು ತೊಡಗಿದಂದಿನಿಂದ ಅದರ ಬಳಕೆ ಹೆಚ್ಚುತ್ತ ಬಂದಿತ್ತು. ಅನೇಕ ಮನೆಗಳಲ್ಲಿ ಬಿಸ್ಕತ್ತಿನ ಜೊತೆಗೆ ಮನೆಮಂದಿ ತಿನ್ನುವ ಬ್ರೆಡ್ಡನ್ನೂ ನಾಯಿಗೆ ಹಾಕುತ್ತಿದ್ದರು. ಅದೇ ಕಾಲದಲ್ಲಿ ಹಿಟ್ಟಿನ ಗಿರಣಿಗಳು ಹಿಟ್ಟನ್ನು ಬೇಗ ಬಿಳಿಯಾಗಿಸಲು ಮತ್ತು ಬ್ರೆಡ್ಡು ಚೆನ್ನಾಗಿ ಉಬ್ಬುವಂತೆ ಮಾಡಲು ನೈಟ್ರೊಜನ್ ಟ್ರೈಕ್ಲೋರೈಡ್ ಅನಿಲವನ್ನು ಬಳಸುತ್ತಿದ್ದವು. ಈ ಅನಿಲಕ್ಕೆ ಏಜೀನ್ ಎಂಬ ವ್ಯಾಪಾರಿ ಹೆಸರಿತ್ತು.

ಮೆಲನ್‌ಬಿ ತಮ್ಮ ಪ್ರಯೋಗದ ನಾಯಿಗಳಿಗೆ ಏಜೀನ್ ತಾಕಿಸಿದ ಹಿಟ್ಟಿನಿಂದ ಮಾಡಿದ ಆಹಾರವನ್ನು ಹೇರಳವಾಗಿ ಕೊಟ್ಟಾಗ ಉನ್ಮಾದ ಕಾಣಿಸಿಕೊಂಡಿತು. ಅದೇ ಹಿಟ್ಟನ್ನು ಅನಿಲ ತಾಕಿಸದೆ ಬಳಸಿದಾಗ ನಾಯಿಗಳು ಆರೋಗ್ಯವಾಗಿದ್ದವು. ಈ ಫಲಿತಾಂಶ 1946ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅನಿಲವು ಗೋಧಿಯ ಪ್ರೋಟೀನಿನಲ್ಲಿರುವ ಮಿಥಿಯೊನೈನ್ ಎಂಬ ಅಮೈನೊ ಆಮ್ಲವನ್ನು ಮಿಥಿಯೊನೈನ್ ಸಲ್ಫಾಕ್ಸಿಮೀನ್ ಎಂಬ ವಿಷವಸ್ತುವನ್ನಾಗಿ ಮಾರ್ಪಡಿಸುತ್ತದೆ ಎಂಬುದನ್ನು ಕೆಲವೇ ವರ್ಷಗಳಲ್ಲಿ ಬೇರೆ ಸಂಶೋಧಕರು ಪತ್ತೆ ಮಾಡಿದರು.

ಮನುಷ್ಯರಲ್ಲಿ ಇಂಥ ಪರಿಣಾಮ ಕಂಡುಬಂದಿರಲಿಲ್ಲ. ಆದರೂ ಇಡೀ ರಾಷ್ಟ್ರ ದಿನವೂ ತಿನ್ನುವ ಆಹಾರಕ್ಕೆ ಪೋಷಣೆಯ ಅಗತ್ಯವಿಲ್ಲದ ರಾಸಾಯನಿಕವೊಂದನ್ನು ಸೇರಿಸುವುದು ವಿವೇಕವಲ್ಲ ಎಂದು ಮೆಲನ್‌ಬಿ ವಾದಿಸಿದರು. ಅಮೆರಿಕದಲ್ಲಿ 1949ರಲ್ಲಿ ಏಜೀನ್ ಬಳಕೆ ನಿಂತಿತು. ಬ್ರಿಟನ್ನಿನಲ್ಲಿ 1955ರ ಹೊತ್ತಿಗೆ ಅದನ್ನು ಕೈಬಿಡಲಾಯಿತು. ಆಹಾರಕ್ಕೆ ಸೇರಿಸುವ ರಾಸಾಯನಿಕಗಳನ್ನು ಬಳಕೆಗೆ ಮುನ್ನವೇ ಪರೀಕ್ಷಿಸಬೇಕೆಂಬ ವಾದಕ್ಕೆ ಈ ಪ್ರಕರಣ ಬಲ ಕೊಟ್ಟಿತು.

ಭಾರತದಲ್ಲಿ

1949ರಲ್ಲಿ ನಿವೃತ್ತರಾದ ಮೆಲನ್‌ಬಿ ಲಕ್ನೋದಲ್ಲಿ ಸ್ಥಾಪನೆಯಾಗುತ್ತಿದ್ದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ಮೊದಲ ನಿರ್ದೇಶಕರಾಗಿ 1950–51ರಲ್ಲಿ ಕೆಲಸ ಮಾಡಿದರು. ಗೋಮತಿ ನದಿಯ ದಂಡೆಯ ಛತ್ತರ್ ಮಂಜಿಲ್ ಅರಮನೆಯಲ್ಲಿ ಆರಂಭವಾದ ಈ ಸಂಸ್ಥೆಯನ್ನು ಪ್ರಧಾನಿ ಜವಾಹರಲಾಲ್ ನೆಹರು 17 ಫೆಬ್ರುವರಿ 1951ರಂದು ಉದ್ಘಾಟಿಸಿದರು. ಮೆಲನ್‌ಬಿಯವರ ನಂತರ ಬಿ. ಮುಖರ್ಜಿ ನಿರ್ದೇಶಕರಾದರು.

ನಿಧನ

ಇಂಗ್ಲೆಂಡಿಗೆ ಮರಳಿದ ಮೆಲನ್‌ಬಿ ಲಂಡನ್ನಿನ ಮಿಲ್ ಹಿಲ್‌ನಲ್ಲಿ ಸಂಶೋಧನೆಯನ್ನು ಮುಂದುವರಿಸಿದರು. ಅಲ್ಲಿಯೇ 30 ಜನವರಿ 1955ರಂದು, ತಮ್ಮ 70ನೆಯ ವಯಸ್ಸಿನಲ್ಲಿ ನಿಧನರಾದರು. ಪತ್ನಿ ಮೇ 1978ರವರೆಗೆ ಬದುಕಿದ್ದರು.

ಪ್ರಾಣಿಪ್ರಯೋಗದ ಪ್ರಶ್ನೆ

ಮೆಲನ್‌ಬಿಯವರ ಶೋಧಗಳಿಗೆ ನಾಯಿಮರಿಗಳು ಬೆಲೆ ತೆತ್ತವು ಎಂಬುದು ಅವರ ಜೀವನಚರಿತ್ರೆಯಿಂದ ಬೇರ್ಪಡಿಸಲಾಗದ ಸಂಗತಿ. ಕೊರತೆಯ ಆಹಾರದಿಂದ ಮರಿಗಳು ವಿಕಲಾಂಗವಾದವು, ಕಿವುಡಾದವು. ಮೂಳೆಗಳ ಪರೀಕ್ಷೆಗಾಗಿ ಅವುಗಳನ್ನು ಕೊಲ್ಲಲಾಗುತ್ತಿತ್ತು. ಬ್ರಿಟನ್ನಿನಲ್ಲಿ ಪ್ರಾಣಿಪ್ರಯೋಗ ವಿರೋಧಿ ಚಳವಳಿ ಆಗ ಪ್ರಬಲವಾಗಿತ್ತು. ರಿಕೆಟ್ಸ್ ಪ್ರಯೋಗಗಳ ಫಲಿತಾಂಶ ಪ್ರಕಟವಾದ 1919ರಲ್ಲಿಯೇ ನಾಯಿಗಳ ಮೇಲಿನ ಪ್ರಯೋಗವನ್ನು ನಿಷೇಧಿಸುವ ಮಸೂದೆಯೊಂದು ಸಂಸತ್ತಿನ ಮುಂದಿತ್ತು. ವೈದ್ಯ ಸಮುದಾಯದ ವಿರೋಧದಿಂದ ಅದು ಅಂಗೀಕಾರವಾಗಲಿಲ್ಲ. ರಿಕೆಟ್ಸ್‌ನಿಂದ ಪಾರಾದ ಮಕ್ಕಳನ್ನು ಒಂದು ಕಡೆಯವರು ಮುಂದಿಟ್ಟರೆ, ಮಾತು ಬಾರದ ಪ್ರಾಣಿಯ ನೋವನ್ನು ಇನ್ನೊಂದು ಕಡೆಯವರು ಮುಂದಿಡುತ್ತಿದ್ದರು. ಉನ್ಮಾದದ ಸಂಶೋಧನೆಯಿಂದ ನಾಯಿಗಳಿಗೂ ನೇರ ಪ್ರಯೋಜನವಾಯಿತು.

ನಾಯಿಗಳ ಆಹಾರದ ಮೇಲೆ ಪ್ರಭಾವ

ಮನುಷ್ಯರ ಆಹಾರವನ್ನು ಅರಿಯಲು ನಡೆದ ಈ ಪ್ರಯೋಗಗಳು ನಾಯಿಯ ಪೋಷಣೆಯ ಬಗ್ಗೆಯೂ ಮೂಲಭೂತ ತಿಳಿವಳಿಕೆ ನೀಡಿದವು. ಇಂದಿನ ಒಣ ಆಹಾರಗಳಿಗೆ ಕ್ಯಾಲ್ಸಿಯಂ, ರಂಜಕ, ಎ ಮತ್ತು ಡಿ ಜೀವಸತ್ವಗಳನ್ನು ನಿಗದಿತ ಪ್ರಮಾಣದಲ್ಲಿ ಬೆರೆಸಲಾಗುತ್ತದೆ. ಪರಿಪೂರ್ಣ ಆಹಾರವೆಂದು ನಮೂದಿಸಿದ ಒಣ ಆಹಾರಕ್ಕೆ ಮನೆಯ ಪದಾರ್ಥವನ್ನು ಸೇರಿಸುವಾಗ ಮೆಲನ್‌ಬಿಯವರ ಮುಖ್ಯ ಪಾಠ ಅನ್ವಯಿಸುತ್ತದೆ. ಸೇರಿಸಿದ ಪದಾರ್ಥದ ಗುಣವನ್ನು ಅದೊಂದನ್ನೇ ನೋಡಿ ನಿರ್ಣಯಿಸಲಾಗದು. ತಟ್ಟೆಯಲ್ಲಿರುವ ಉಳಿದ ಆಹಾರದೊಂದಿಗೆ ಅದು ಹೇಗೆ ವರ್ತಿಸುತ್ತದೆ ಎಂಬುದು ಮುಖ್ಯ.

ಕರ್ನಾಟಕದ ಮನೆಗಳಲ್ಲಿ ನಾಯಿಗೆ ಅನ್ನ, ಮೊಸರು, ರಾಗಿ ಮುದ್ದೆ ಹಾಕುವುದು ಸಾಮಾನ್ಯ. ಬೆಳೆದ ನಾಯಿಗೆ ಒಣ ಆಹಾರದ ಜೊತೆ ಇವುಗಳನ್ನು ಸ್ವಲ್ಪ ಸೇರಿಸಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಇವೇ ಪ್ರಧಾನವಾದರೆ ಒಣ ಆಹಾರದಿಂದ ದೊರೆಯಬೇಕಾದ ಜೀವಸತ್ವ ಮತ್ತು ಖನಿಜಗಳ ಪಾಲು ಕುಗ್ಗುತ್ತದೆ. ಮೂಳೆಯಿಲ್ಲದ ಮಾಂಸವನ್ನೇ ಹೆಚ್ಚಾಗಿ ಸೇರಿಸಿದರೆ ರಂಜಕ ಹೆಚ್ಚಾಗಿ ಕ್ಯಾಲ್ಸಿಯಂ ಕಡಿಮೆಯಾಗಿ ಮೂಳೆಗಳು ದುರ್ಬಲವಾಗುತ್ತವೆ. ಹೆಚ್ಚುವರಿ ತಿನಿಸುಗಳು ದಿನದ ಒಟ್ಟು ಕ್ಯಾಲೊರಿಯ 10 ಪ್ರತಿಶತವನ್ನು ಮೀರಬಾರದೆಂದು ಪಶುವೈದ್ಯರು ಸೂಚಿಸುತ್ತಾರೆ.

ಕೊರತೆಯಂತೆ ಅತಿಯೂ ಹಾನಿಕರ. ಗ್ರೇಟ್ ಡೇನ್‌ನಂಥ ದೊಡ್ಡ ತಳಿಯ ಮರಿಗಳಿಗೆ ಸಮತೋಲಿತ ಆಹಾರದ ಮೇಲೆ ಕ್ಯಾಲ್ಸಿಯಂ ಸೇರಿಸುತ್ತ ಹೋದರೆ ಮೂಳೆಯ ಬೆಳವಣಿಗೆ ಕೆಡುತ್ತದೆ ಎಂಬುದು 1980ರ ದಶಕದ ಸಂಶೋಧನೆಯಿಂದ ತಿಳಿದುಬಂದಿದೆ. ಮೆಲನ್‌ಬಿಯವರ ಮರಿಗಳನ್ನು ಕಾಪಾಡಿದ ಕಾಡ್ ಎಣ್ಣೆಯನ್ನು ಅತಿಯಾಗಿ ಕೊಟ್ಟರೆ ಎ ಮತ್ತು ಡಿ ಜೀವಸತ್ವಗಳು ದೇಹದಲ್ಲಿ ಶೇಖರವಾಗಿ ವಿಷವಾಗಬಲ್ಲವು. ಮನುಷ್ಯರಿಗೆ ನಿರಪಾಯಕರವಾದ ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಮತ್ತು ಸಕ್ಕರೆಗೆ ಬದಲಾಗಿ ಬಳಸುವ ಜೈಲಿಟಾಲ್ ನಾಯಿಗಳಿಗೆ ವಿಷಕಾರಿ. ಮನುಷ್ಯನಿಗೆ ಸಲ್ಲುವ ಪದಾರ್ಥ ನಾಯಿಗೂ ಸಲ್ಲಬೇಕೆಂದಿಲ್ಲ ಎಂಬುದಕ್ಕೆ ಏಜೀನ್ ಪ್ರಕರಣ ಮೊದಲೇ ನಿದರ್ಶನವಾಗಿತ್ತು.

ಗೌರವಗಳು

1925ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1932ರಲ್ಲಿ ಅದರ ರಾಯಲ್ ಪದಕ, 1947ರಲ್ಲಿ ಬುಕಾನನ್ ಪದಕ ಮೆಲನ್‌ಬಿಯವರಿಗೆ ಸಂದವು. 1937ರಲ್ಲಿ ನೈಟ್ ಪದವಿ ದೊರೆಯಿತು. ಷೆಫೀಲ್ಡ್ ವಿಶ್ವವಿದ್ಯಾಲಯದ ಮೂಳೆ ಸಂಶೋಧನಾ ಕೇಂದ್ರಕ್ಕೆ ಮೆಲನ್‌ಬಿ ಹೆಸರನ್ನಿಡಲಾಗಿದೆ.

ಪ್ರಮುಖ ಕೃತಿಗಳು

ಎಕ್ಸ್‌ಪೆರಿಮೆಂಟಲ್ ರಿಕೆಟ್ಸ್ (1921)
ನ್ಯೂಟ್ರಿಷನ್ ಅಂಡ್ ಡಿಸೀಸ್ (1934)
ಎ ಸ್ಟೋರಿ ಆಫ್ ನ್ಯೂಟ್ರಿಷನಲ್ ರಿಸರ್ಚ್ (1950)